ಮಾತ್ರೆ ಮೊದಲು, ಆಮೇಲೆ ತಟ್ಟೆ: ಥೈರಾಯ್ಡ್, ಪಿಸಿಒಎಸ್ ಇದ್ದವರಿಗೆ ನಮ್ಮ ಕಡೆಯ ಊಟದ ಲೆಕ್ಕ

ಥೈರಾಯ್ಡ್ ಎಂದು ರಿಪೋರ್ಟ್ ಬಂದ ಮರುವಾರ ಮನೆಯಲ್ಲಿ ಎಲೆಕೋಸು ಬಂದ್ ಆಗುತ್ತದೆ. ಅದರ ಮರುವಾರ ಹಾಲು, ಆಮೇಲೆ ಗೋಧಿ, ಆಮೇಲೆ ಯಾರೋ ಹೇಳಿದರೆಂದು ಬದನೆ, ಟೊಮೆಟೊ. ಎರಡು ತಿಂಗಳು ಕಳೆಯುವಷ್ಟರಲ್ಲಿ ತಟ್ಟೆಯಲ್ಲಿ ಉಳಿಯುವುದು ಅನ್ನ, ಸಾರು, ಮಿಡಿ ಉಪ್ಪಿನಕಾಯಿ. ಸುಸ್ತು ಹಾಗೇ ಇರುತ್ತದೆ, ಕೂದಲು ಇನ್ನೂ ಜಾಸ್ತಿ ಉದುರುತ್ತದೆ. ಮಾತ್ರೆ ಮಾತ್ರ ಹಳೆಯ ರೂಢಿಯಂತೆ ಬೆಳಗಿನ ಚಾ ಜೊತೆಗೇ ಹೊಟ್ಟೆಗೆ ಹೋಗುತ್ತಿರುತ್ತದೆ.

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಈಗಾಗಲೇ ಇರುವ ಅಡುಗೆಯಲ್ಲಿ ಬಿಡಬೇಕಾದ್ದು ಬಹಳ ಕಡಿಮೆ. ಸರಿಮಾಡಬೇಕಾದ್ದು ಅಳತೆ, ಹೊತ್ತು ಮತ್ತು ಸರದಿ. ಸರದಿಯಲ್ಲಿ ಮೊದಲನೆಯದು ಮಾತ್ರೆ.

ಯಾವ ಕಾಯಿಲೆಯ ಮಾತು ಇದು

ಹಾಶಿಮೊಟೊ ಥೈರಾಯ್ಡೈಟಿಸ್ ಆಟೋಇಮ್ಯೂನ್ ಕಾಯಿಲೆ. ಮೈಯ ಕಾವಲುಪಡೆಯೇ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯನ್ನು ಪರಕೀಯವೆಂದು ತಿಳಿದು ನಿಧಾನವಾಗಿ ಹಾಳುಮಾಡುತ್ತದೆ. ಜಪಾನಿನ ವೈದ್ಯ ಹಕಾರು ಹಾಶಿಮೊಟೊ 1912ರಲ್ಲಿ ಇದನ್ನು ವಿವರಿಸಿದರು. ರಕ್ತದಲ್ಲಿ ಗ್ರಂಥಿಯ ವಿರುದ್ಧದ ಆಂಟಿಬಾಡಿಯಾದ ಆಂಟಿ ಟಿಪಿಒ ಹೆಚ್ಚಿದ್ದು, ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್ ಟಿಎಸ್‌ಎಚ್ ಏರಿದ್ದರೆ ಸಾಮಾನ್ಯವಾಗಿ ಇದೇ. ಪಿಸಿಒಎಸ್, ಅಂದರೆ ಅಂಡಾಶಯ ಮತ್ತು ಹಾರ್ಮೋನಿನ ಏರುಪೇರು, ಆಟೋಇಮ್ಯೂನ್ ಎಂದು ಸಿದ್ಧವಾಗಿಲ್ಲ. ಅಲ್ಲಿ ಬಹುಪಾಲು ಜನರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಮೈ ಹೆಚ್ಚು ಇನ್ಸುಲಿನ್ ಸುರಿಸುತ್ತದೆ, ಅದು ಅಂಡಾಶಯವನ್ನು ಕೆಣಕಿ ಗಂಡು ಹಾರ್ಮೋನ್ ಹೆಚ್ಚಿಸುತ್ತದೆ. ಮುಟ್ಟು ತಪ್ಪುವುದು, ಮುಖದ ಮೇಲೆ ಕೂದಲು, ಮೊಡವೆ, ಕುತ್ತಿಗೆಯ ಹಿಂದೆ ಕಪ್ಪು ಪಟ್ಟೆ, ಎಲ್ಲ ಅಲ್ಲಿಂದಲೇ. ಥೈರಾಯ್ಡ್ ಕಡಿಮೆಯಾದರೂ ಮುಟ್ಟು ಏರುಪೇರಾಗುತ್ತದೆ. ಹಾಗಾಗಿ ಪಿಸಿಒಎಸ್ ಎಂದು ಪಥ್ಯ ಹಿಡಿಯುವ ಮೊದಲು ಟಿಎಸ್‌ಎಚ್, ಎದೆಹಾಲಿನ ಹಾರ್ಮೋನ್ ಪ್ರೊಲ್ಯಾಕ್ಟಿನ್ ಎರಡನ್ನೂ ನೋಡಿಸಿರಬೇಕು.

ಗ್ರೇವ್ಸ್ ಕಾಯಿಲೆ, ಅಂದರೆ ಥೈರಾಯ್ಡ್ ಹೆಚ್ಚಾಗಿರುವುದು, ಬೇರೆಯೇ ಲೆಕ್ಕ. ಗರ್ಭಿಣಿಯರು, ಟೈಪ್ 1 ಮಧುಮೇಹ ಇರುವವರು, ಕಿಡ್ನಿ ತೊಂದರೆಯವರು, ಮೊದಲೇ ತೂಕ ಕಡಿಮೆ ಇರುವವರು, ಬೆಳೆಯುವ ಮಕ್ಕಳು ಇಲ್ಲಿ ಹೇಳುವ ಬಿಟ್ಟು ನೋಡುವ ಪ್ರಯೋಗಕ್ಕೆ ತಾವಾಗಿ ಇಳಿಯಬಾರದು. ಲೆವೊಥೈರಾಕ್ಸಿನ್, ಅಂದರೆ ಥೈರಾಯ್ಡ್ ಹಾರ್ಮೋನಿನ ಮಾತ್ರೆ, ತೆಗೆದುಕೊಳ್ಳುವವರು ಮುಟ್ಟು ತಪ್ಪಿ ಗರ್ಭ ನಿಂತದ್ದು ಗೊತ್ತಾದ ದಿನವೇ ವೈದ್ಯರಿಗೆ ಫೋನ್ ಮಾಡಬೇಕು. ಆ ಹೊತ್ತಿಗೆ ಮಾತ್ರೆಯ ಪ್ರಮಾಣವನ್ನು ಸಾಮಾನ್ಯವಾಗಿ ಕಾಲು ಭಾಗಕ್ಕಿಂತ ಹೆಚ್ಚೇ ಏರಿಸಬೇಕಾಗುತ್ತದೆ. ಮುಂದಿನ ತಿಂಗಳ ಅಪಾಯಿಂಟ್‌ಮೆಂಟಿಗೆ ಕಾಯುವ ಮಾತಲ್ಲ ಅದು.

ಬೆಳಗಿನ ಆ ಒಂದು ಗಂಟೆ

ಲೆವೊಥೈರಾಕ್ಸಿನ್ ಮಾತ್ರೆಯೊಳಗಿನ ಔಷಧದ ಅಳತೆ ಮೈಕ್ರೋಗ್ರಾಂನಲ್ಲಿ. 25, 50, 75, 100. ಇಷ್ಟು ಚಿಕ್ಕ ಪ್ರಮಾಣವಾದ್ದರಿಂದ ಹೊಟ್ಟೆಯಲ್ಲಿ ಜೊತೆಗೆ ಏನಿದೆ ಎಂಬುದು ಭಾರಿ ವ್ಯತ್ಯಾಸ ಮಾಡುತ್ತದೆ. ಎದ್ದ ತಕ್ಷಣ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನ ಜೊತೆ ನುಂಗಿ. ಆಮೇಲೆ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಏನೂ ಬೇಡ. ಏನೂ ಅಂದರೆ ಚಾ, ಕಾಫಿ, ಹಾಲು ಹಾಕಿದ ಕಷಾಯ, ಎಳನೀರು, ಎಲ್ಲವೂ. ಕಾಫಿ ಮಾತ್ರೆಯನ್ನು ಸರಿಯಾಗಿ ಹೀರಲು ಬಿಡುವುದಿಲ್ಲ. ಹಾಲಿನ ಕ್ಯಾಲ್ಸಿಯಂ ಅದನ್ನು ಕಟ್ಟಿಹಾಕುತ್ತದೆ.

ಶಿರಸಿ ಕಡೆಯಲ್ಲಿ ಇನ್ನೊಂದಿದೆ, ಯಾವ ಮಾತ್ರೆ ಡಬ್ಬಿಯ ಮೇಲೂ ಬರೆದಿರುವುದಿಲ್ಲ: ಕವಳ. ಬೆಳಿಗ್ಗೆ ತೋಟಕ್ಕೆ ಇಳಿಯುವ ಮೊದಲು ಒಂದು ಕವಳ ಹಾಕುವ ರೂಢಿ ಇದ್ದರೆ, ಎಲೆಗೆ ಹಚ್ಚುವ ಸುಣ್ಣವೂ ಕ್ಯಾಲ್ಸಿಯಮ್ಮೇ ಎಂದು ನೆನಪಿಡಿ. ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸೇರಿಸಿ ವರ್ಷಗಳೇ ಆದವು. ಅಡಿಕೆ ಬೆಳೆಯುವ ಊರಿನಲ್ಲಿ ಈ ಮಾತು ಯಾರಿಗೂ ಹಿಡಿಸುವುದಿಲ್ಲ. ಬಿಡಲಾಗದವರು ಮಾತ್ರೆ ನುಂಗಿ ಒಂದು ಗಂಟೆಯವರೆಗಾದರೂ ಕವಳದ ಸಂಚಿ ಬಿಚ್ಚಬೇಡಿ.

ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಹೊಟ್ಟೆಯುರಿಯ ಆಂಟಾಸಿಡ್ ದ್ರವ ಇದ್ದರೆ ಥೈರಾಯ್ಡ್ ಮಾತ್ರೆಗೂ ಅದಕ್ಕೂ 4 ಗಂಟೆ ಅಂತರ ಇರಲಿ. ಮಧ್ಯಾಹ್ನದ ಊಟದ ನಂತರ ಕ್ಯಾಲ್ಸಿಯಂ, ರಾತ್ರಿ ಕಬ್ಬಿಣ ಎಂದು ಹೊಂದಿಸಿಕೊಂಡರೆ ಸಲೀಸು. ಬೆಳಿಗ್ಗೆ ಹಾಲು ಕರೆಯುವುದು, ಮಕ್ಕಳ ಡಬ್ಬಿ, ಬಸ್ಸು ಎಂದು ಒಂದು ಗಂಟೆ ಸಿಗದವರು ರಾತ್ರಿ ಊಟವಾಗಿ 3 ಗಂಟೆ ಕಳೆದ ಮೇಲೆ, ಮಲಗುವ ಮುನ್ನ ತೆಗೆದುಕೊಳ್ಳಬಹುದು. ಬದಲಿಸುವ ಮೊದಲು ವೈದ್ಯರಿಗೆ ಹೇಳಿ. ಒಂದು ದಿನ ಬೆಳಿಗ್ಗೆ ಒಂದು ದಿನ ರಾತ್ರಿ ಎಂಬುದು ಮಾತ್ರ ಬೇಡ.

ಮಳೆಗಾಲದಲ್ಲಿ ಡಬ್ಬಿಯ ವಿಷಯ. ಈ ಮಾತ್ರೆಗೆ ಬಿಸಿ, ಬೆಳಕು, ತೇವ ಮೂರೂ ಆಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪಿನ ಭರಣಿಯೇ ಒಸರುವ ಮನೆಗಳಲ್ಲಿ ನೂರು ಮಾತ್ರೆಯ ಬಾಟಲಿಯನ್ನು ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟರೆ ಮಾತ್ರೆ ಮೆತ್ತಗಾಗುತ್ತದೆ, ಶಕ್ತಿ ಕುಂದುತ್ತದೆ. ಒಳಗಿನ ಸಿಲಿಕಾ ಪೊಟ್ಟಣ ಎಸೆಯಬೇಡಿ. ವಾರದ್ದನ್ನೆಲ್ಲ ಮೊದಲೇ ಪ್ಲಾಸ್ಟಿಕ್ ಖಾನೆಗೆ ಸುರಿದಿಡುವುದೂ ಮಳೆಗಾಲದಲ್ಲಿ ಒಳ್ಳೆಯದಲ್ಲ. ಮಲಗುವ ಕೋಣೆಯ ಕಪಾಟಿನಲ್ಲಿ, ಮುಚ್ಚಳ ಬಿಗಿಮಾಡಿ ಇಡಿ.

ಇಷ್ಟನ್ನು ಸರಿಮಾಡಿ 6ರಿಂದ 8 ವಾರ ಕಾದು ಟಿಎಸ್‌ಎಚ್ ಮಾಡಿಸಿ. ಮಾತ್ರೆಯ ಹಾರ್ಮೋನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು, ಆದ್ದರಿಂದ ಹದಿನೈದು ದಿನಕ್ಕೆ ಮಾಡಿಸಿದ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ರಕ್ತ ಕೊಡುವ ದಿನ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ರಕ್ತ ತೆಗೆದ ಮೇಲೆ ನುಂಗಿ. ಕೂದಲು, ಉಗುರಿಗೆಂದು ಬಯೋಟಿನ್ ತಿನ್ನುತ್ತಿದ್ದರೆ ಪರೀಕ್ಷೆಗೆ ಕನಿಷ್ಠ 2–3 ದಿನ ಮೊದಲು ನಿಲ್ಲಿಸಿ, ಅದು ಟಿಎಸ್‌ಎಚ್ ಅಂಕಿಯನ್ನೇ ಸುಳ್ಳು ಮಾಡುತ್ತದೆ. ಹೆಚ್ಚು ಪ್ರಮಾಣದ ಬಯೋಟಿನ್ ಆದರೆ ಇನ್ನೂ ಮುಂಚೆ ಎಷ್ಟು ದಿನ ಎಂದು ಕೇಳಿಕೊಳ್ಳಿ. ಆಹಾರ ಬದಲಿಸುವ ಮೊದಲಿನ ಈ ಅಂಕಿಯೇ ನಿಮ್ಮ ಅಳತೆಗೋಲು. ಇದೇ ಸಲ ವಿಟಮಿನ್ ಬಿ12, ವಿಟಮಿನ್ ಡಿ, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಹಿಮೋಗ್ಲೋಬಿನ್, ಕೊಲೆಸ್ಟರಾಲ್ ನೋಡಿಸಿ. ಪಿಸಿಒಎಸ್ ಇದ್ದರೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆಯನ್ನೂ.

ಟಿಎಸ್‌ಎಚ್ ಸರಿಯಿದ್ದೂ ಸುಸ್ತು ಬಿಡದವರಲ್ಲಿ ಅನೇಕರಿಗೆ ಕಳ್ಳ ಸಿಗುವುದು ಈ ಪಟ್ಟಿಯಲ್ಲೇ. ಮೀನು ಮೊಟ್ಟೆ ಮುಟ್ಟದ ಮನೆಗಳಲ್ಲಿ ಬಿ12 ಕಡಿಮೆ ಇರುವುದು ಸಾಮಾನ್ಯ, ಸಕ್ಕರೆ ಇಳಿಸುವ ಮಾತ್ರೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಇನ್ನೂ ಇಳಿಯುತ್ತದೆ. ಅದನ್ನು ತಂಬುಳಿಯಿಂದ ತುಂಬಲಾಗದು, ಮಾತ್ರೆ ಅಥವಾ ಇಂಜೆಕ್ಷನ್ ಬೇಕು. ವಿಟಮಿನ್ ಡಿಯ 60,000 ಯೂನಿಟ್ಟಿನ ಪೊಟ್ಟಣ ವಾರಕ್ಕೊಂದು ಎಂದು ಬರೆದುಕೊಟ್ಟದ್ದನ್ನು ದಿನಕ್ಕೊಂದು ಮಾಡಬೇಡಿ. ಕ್ಯಾಲ್ಸಿಯಂ ವಿಪರೀತ ಏರಿ ಕಿಡ್ನಿಗೆ ಹೊಡೆತ ಬೀಳುತ್ತದೆ.

ಉಪ್ಪು, ಮೀನು, ಅಯೋಡಿನ್

ಸಮುದ್ರದ ಪಕ್ಕದಲ್ಲಿದ್ದೇವೆ, ಅಯೋಡಿನ್ ತಾನಾಗಿ ಸಿಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಅರ್ಧ ನಿಜ. ಮೀನಿನಲ್ಲಿದೆ, ಸಮುದ್ರದ ನೀರು ಆರಿಸಿ ತೆಗೆದ ಹರಳುಪ್ಪಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಾಗಲಿ ಬೇರೆಯದಾಗಲಿ, ಅಯೋಡಿನ್ ಸೇರಿಸಿದ್ದೋ ಅಲ್ಲವೋ ಎಂದು ಚೀಲದ ಮೇಲೆ ಓದಿ. ಉಪ್ಪಿನಕಾಯಿ ಹಾಕಲು ಹರಳುಪ್ಪು ಸರಿ, ದಿನದ ಅಡುಗೆಗೆ ಅಯೋಡಿನ್ ಉಪ್ಪೇ ಇರಲಿ. ಡಬ್ಬಿ ಮುಚ್ಚಿಡಿ, ಸಾಂಬಾರು ಇಳಿಸುವ ಹೊತ್ತಿಗೆ ಉಪ್ಪು ಹಾಕಿದರೆ ಕುದಿಯಲ್ಲಿ ಹೋಗುವುದು ಕಡಿಮೆ.

ದೊಡ್ಡವರಿಗೆ ದಿನಕ್ಕೆ ಬೇಕಾದ್ದು 150 ಮೈಕ್ರೋಗ್ರಾಂ ಅಯೋಡಿನ್, ಗರ್ಭಿಣಿಗೆ 250. ಉಪ್ಪು ಒಟ್ಟು 5 ಗ್ರಾಂ ಮೀರಬಾರದು, ಅಂದರೆ ತಲೆ ಬೋಳಿಸಿದ ಒಂದು ಚಿಕ್ಕ ಚಮಚ, ಉಪ್ಪಿನಕಾಯಿ, ಹಪ್ಪಳ, ಒಣಮೀನು ಎಲ್ಲ ಸೇರಿ. ಹಾಶಿಮೊಟೊದಲ್ಲಿ ಅಯೋಡಿನ್ ಕಡಿಮೆಯಾದರೆ ಹೇಗೆ ಕಷ್ಟವೋ ಅತಿಯಾದರೂ ಹಾಗೆಯೇ ಕಷ್ಟ. ಗ್ರಂಥಿಯ ಮೇಲಿನ ದಾಳಿ ಹೆಚ್ಚಬಹುದು. ಹಾಗಾಗಿ ಆನ್‌ಲೈನ್‌ನಲ್ಲಿ ಸಿಗುವ ಕೆಲ್ಪ್ ಎಂಬ ಕಡಲಪಾಚಿಯ ಮಾತ್ರೆ ಬೇಡವೇ ಬೇಡ. ಮೀನು ಸಾರಿಗೆ ಹೆದರಬೇಕಿಲ್ಲ.

ವಾರಕ್ಕೆ 3 ಸಲ ಮೀನು ಉಣ್ಣುವವರಿಗೆ ಸೆಲೆನಿಯಂ, ಒಮೆಗಾ 3, ಬಿ12 ಒಟ್ಟಿಗೆ ಸಿಗುತ್ತವೆ. ಇಸವಾಣ, ಪಾಂಪ್ಲೆಟ್ ಬೇಕೆಂದಿಲ್ಲ. ಬಂಗಡೆ, ತಾರಲೆಯಲ್ಲೇ ಒಮೆಗಾ 3 ಹೆಚ್ಚು, ಬೆಲೆ ಕಡಿಮೆ. ಕೈಯುದ್ದದ ಬಂಗಡೆ 150 ಗ್ರಾಂ ತೂಗಿದರೆ, ತಲೆ ಕರುಳು ಮುಳ್ಳು ಕಳೆದು ಸಿಗುವುದು 80–90 ಗ್ರಾಂ ಮಾಂಸ, ಅದರಲ್ಲಿ ಸುಮಾರು 16 ಗ್ರಾಂ ಪ್ರೋಟೀನ್. ಅಘನಾಶಿನಿಯ ಬೆಳಚು ಸಿಕ್ಕರೆ ಇನ್ನೂ ಒಳ್ಳೆಯದು, ಬಿ12 ಮತ್ತು ಕಬ್ಬಿಣದಲ್ಲಿ ಚಿಪ್ಪಿನ ಜೀವಿಗಳಿಗೆ ಸಾಟಿ ಕಡಿಮೆ.

ಎಲೆಕೋಸು, ಹೂಕೋಸು, ನವಿಲುಕೋಸು, ಮರಗೆಣಸಿನ ಭಯ ಎಲ್ಲಿಂದ ಬಂತು ಎಂದರೆ, ಅವುಗಳಲ್ಲಿ ಅಯೋಡಿನ್ನಿಗೆ ಅಡ್ಡಬರುವ ಅಂಶ ಇದೆ. ಅಯೋಡಿನ್ ಸಾಕಷ್ಟು ಇರುವವರು, ಬೇಯಿಸಿ, ವಾರಕ್ಕೆ ಎರಡು ಮೂರು ಸಲ ಪಲ್ಯ ತಿಂದರೆ ತೊಂದರೆ ಇಲ್ಲ. ಹಸಿ ಎಲೆಕೋಸನ್ನು ದಿನಾ ಮಿಕ್ಸಿಗೆ ಹಾಕಿ ಕುಡಿಯುವವರು ನಮ್ಮ ಕಡೆ ಇಲ್ಲ, ಇದ್ದರೆ ನಿಲ್ಲಿಸಲಿ.

ಅನ್ನದ ಅಳತೆ

ಪಿಸಿಒಎಸ್‌ನವರಿಗೂ, ಥೈರಾಯ್ಡ್ ಜೊತೆ ತೂಕ ಏರಿದವರಿಗೂ ಕೆಲಸ ನಡೆಯಬೇಕಾದ್ದು ಇಲ್ಲೇ. ಕುಚ್ಚಲಕ್ಕಿ, ಕೆಂಪಕ್ಕಿ, ಕುಮಟಾ ಕಡೆ ಗಜನಿಯಲ್ಲಿ, ಅಂದರೆ ಉಪ್ಪುನೀರಿನ ಗದ್ದೆಯಲ್ಲಿ, ಬೆಳೆಯುವ ಕಗ್ಗ, ಎಲ್ಲ ಒಳ್ಳೆಯವೇ. ಪಾಲಿಶ್ ಮಾಡಿದ ಬೆಳ್ತಿಗೆಗಿಂತ ಸಕ್ಕರೆಯನ್ನು ನಿಧಾನ ಏರಿಸುತ್ತವೆ. ಆದರೆ ಕೆಂಪಕ್ಕಿ ಅನ್ನವೆಂದು ಎರಡು ಸೌಟು ಜಾಸ್ತಿ ಬಡಿಸಿಕೊಂಡರೆ ಲೆಕ್ಕ ಮತ್ತೆ ಅಲ್ಲಿಗೇ. 100 ಗ್ರಾಂ ಅಕ್ಕಿಯಲ್ಲಿ, ಬಣ್ಣ ಯಾವುದೇ ಇರಲಿ, ಮುಕ್ಕಾಲು ಪಾಲಿನಷ್ಟು ಪಿಷ್ಟ.

ಹೀಗೆ ಮಾಡಿ. ಮನೆಯ ಅಡುಗೆ ತಕ್ಕಡಿಯಲ್ಲಿ ನಿಮ್ಮ ಪಾಲಿನ ಅಕ್ಕಿಯನ್ನು ಹಸಿಯಾಗಿ ತೂಗಿ ಬೇರೆ ಪಾತ್ರೆಯಲ್ಲಿ ಬೇಯಿಸಿ. ಮೊದಲ ಎರಡು ದಿನ ಹೊಟ್ಟೆ ತುಂಬುವಷ್ಟು, ಎಷ್ಟಾಯಿತು ಎಂದು ಬರೆದಿಡಿ. ಮಧ್ಯಾಹ್ನವೊಂದಕ್ಕೇ 150 ಗ್ರಾಂ ದಾಟುವುದು ಅಪರೂಪವಲ್ಲ. ಆಮೇಲೆ ಅದನ್ನು ವಾರಕ್ಕೆ 20–25 ಗ್ರಾಂನಂತೆ ಇಳಿಸುತ್ತಾ 60–70 ಗ್ರಾಂಗೆ ತನ್ನಿ. ಬೇಯಿಸಿದ ಮೇಲೆ ಅದು ಸುಮಾರು 170–200 ಗ್ರಾಂ ಅನ್ನ. ನಿಮ್ಮ ಮನೆಯ ಸೌಟಿನಲ್ಲಿ ಎಷ್ಟಾಯಿತು ಎಂದು ಒಮ್ಮೆ ನೋಡಿಕೊಂಡರೆ ಆಮೇಲೆ ತಕ್ಕಡಿ ಬೇಡ. ಒಮ್ಮೆಲೇ ಅರ್ಧ ಮಾಡಿದವರು ಸಂಜೆ 5ಕ್ಕೆ ಖಾರಾ ಡಬ್ಬಿ ಬಿಚ್ಚುತ್ತಾರೆ, ಅದು ಸ್ವಭಾವ.

ಅನ್ನ ಇಳಿದ ಜಾಗಕ್ಕೆ ಏನಾದರೂ ಬರಬೇಕು. ಇಲ್ಲಿಯೇ ಹೆಚ್ಚಿನವರು ಸೋಲುವುದು: ಕಡಿಮೆ ಮಾಡುತ್ತಾರೆ, ತುಂಬುವುದಿಲ್ಲ. 60 ಕೆಜಿ ತೂಕದವರಿಗೆ ದಿನಕ್ಕೆ 50–60 ಗ್ರಾಂ ಪ್ರೋಟೀನ್ ಬೇಕು. ಮೊಟ್ಟೆ ಒಂದಕ್ಕೆ 6 ಗ್ರಾಂ. ಸಸ್ಯಾಹಾರಿ ಮನೆಯಲ್ಲಿ ಹೆಸರುಕಾಳಿನ ದೋಸೆ ಎರಡಕ್ಕೆ 12 ಗ್ರಾಂ, 30 ಗ್ರಾಂ ಬೇಳೆಯ ದಪ್ಪ ತೊವ್ವೆಗೆ 7, ದೊಡ್ಡ ಬಟ್ಟಲು ಮೊಸರಿಗೆ 6–7, ಒಂದು ಮುಷ್ಟಿ ಹುರಿದ ಶೇಂಗಾಕ್ಕೆ 7–8, ಹುರುಳಿ ಇಲ್ಲವೇ ಅಲಸಂದೆ ಉಸಲಿ ಒಂದು ಬಟ್ಟಲಿಗೆ 8. ಕೂಡಿದರೆ ನಲವತ್ತು ದಾಟುತ್ತದೆ. ಉಳಿದದ್ದು ಅಕ್ಕಿ, ಗೋಧಿ, ಹಾಲಿನಿಂದ ಬಂದೇ ಬರುತ್ತದೆ. ತೆಳು ಸಾರಿನಲ್ಲಿ ಬೇಳೆ ಇದೆ ಎಂದು ಎಣಿಸಬೇಡಿ. ಅದರಲ್ಲಿರುವುದು ಬೇಳೆಯ ನೆನಪು.

ಬೆಳಗಿನ ತಿಂಡಿಯ ಉದಾಹರಣೆ ಬಿಡಿಸಿ ಹೇಳಬಹುದು. ತೆಳ್ಳೇವು, ಅಂದರೆ ತೆಳ್ಳಗಿನ ದೋಸೆ, ಪೂರ್ತಿ ಅಕ್ಕಿ. ಬೆಲ್ಲ ಕಾಯಿ ಜೊತೆ ನಾಲ್ಕು ತಿಂದರೆ ಹತ್ತು ಗಂಟೆಗೆ ಕಣ್ಣು ಎಳೆಯುತ್ತದೆ. ಬದಲಿಗೆ 200 ಗ್ರಾಂ ಹೆಸರುಕಾಳು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಚೆಲ್ಲಿ, 2 ದೊಡ್ಡ ಚಮಚ ನೆನೆದ ಅಕ್ಕಿ, ಒಂದಿಂಚು ಶುಂಠಿ, 2 ಹಸಿಮೆಣಸು, ಅರ್ಧ ಚಮಚ ಜೀರಿಗೆ, ಉಪ್ಪು ಸೇರಿಸಿ ತರಿತರಿಯಾಗಿ ರುಬ್ಬಿ. ಹುದುಗು ಬರಿಸುವ ಅಗತ್ಯವಿಲ್ಲ. ಮಳೆಗಾಲದಲ್ಲಿ ಇದೊಂದು ಅನುಕೂಲ. ಎಂಟು ದೋಸೆಯಾಗುತ್ತದೆ. ಕಾವಲಿ ಚೆನ್ನಾಗಿ ಕಾದಿರಬೇಕು, ಹಿಟ್ಟು ಹೊಯ್ದು ಉರಿ ಇಳಿಸಿ ಮುಚ್ಚಿ. ಅಕ್ಕಿ ಹಾಕದೆ ಮಾಡಿದರೆ ಮುರಿಯುತ್ತದೆ, ನುಣ್ಣಗೆ ರುಬ್ಬಿದರೆ ರಬ್ಬರಿನಂತಾಗುತ್ತದೆ. ಕಾಯಿ ಚಟ್ನಿ ಜೊತೆ ಎರಡು ದೋಸೆ ತಿಂದವರಿಗೆ ಮಧ್ಯಾಹ್ನದವರೆಗೆ ಹಸಿವು ಬಾರದು. ಗಂಜಿ ಬಿಡಲಾಗದವರು ಗಂಜಿಯಲ್ಲೇ ಅಕ್ಕಿಯ ಅರ್ಧದಷ್ಟು ಹೆಸರುಕಾಳು ಬೇಯಿಸಿ, ಅದೂ ಒಂದು ದಾರಿ.

ತಟ್ಟೆಯಲ್ಲಿ ಉಣ್ಣುವ ಸರದಿಯೂ ಮುಖ್ಯ. ಮೊದಲು ಪಲ್ಯ, ಕೋಸಂಬರಿ, ಆಮೇಲೆ ಮೀನು ಇಲ್ಲವೇ ಕಾಳು, ಕೊನೆಗೆ ಅನ್ನ. ಅದೇ ಊಟಕ್ಕೆ ಸಕ್ಕರೆ ಏರುವುದು ಕಡಿಮೆಯಾಗುತ್ತದೆ. ಊಟದ ನಂತರ 10–15 ನಿಮಿಷ ಅಂಗಳದಲ್ಲೋ ರಸ್ತೆಯಲ್ಲೋ ನಡೆದರೆ ಇನ್ನೂ ಕಡಿಮೆ. ತೂಕ ಹೆಚ್ಚಿರುವ ಪಿಸಿಒಎಸ್‌ನಲ್ಲಿ ಮೈತೂಕದ ನೂರಕ್ಕೆ 5–10 ಇಳಿದರೂ, ಅಂದರೆ 70 ಕೆಜಿಯವರಿಗೆ ಮೂರೂವರೆಯಿಂದ ಏಳು ಕೆಜಿ, ಅನೇಕರಿಗೆ ಮುಟ್ಟು ತಾನಾಗಿ ಸರಿಹೋಗುತ್ತದೆ. ತಿಂಗಳಿಗೆ 2 ಕೆಜಿಗಿಂತ ವೇಗ ಬೇಡ.

ಬೆಲ್ಲದ ಮಾತು ಬಂದಾಗ ಶಿರಸಿಯವರು ಸಿಟ್ಟಾಗಬಾರದು. ಜೋನಿ ಬೆಲ್ಲದ ರುಚಿಗೆ ಸಮವಿಲ್ಲ, ಆದರೆ ರಕ್ತಕ್ಕೆ ಅದು ಸಕ್ಕರೆಯೇ. ದಿನಕ್ಕೆ ಮೂರು ಸಲ ಕಷಾಯ, ಪ್ರತಿ ಲೋಟಕ್ಕೆ ಎರಡು ಚಮಚ ಎಂದರೆ ಆರು ಚಮಚ ಬೆಲ್ಲ ಲೆಕ್ಕಕ್ಕೇ ಬಾರದೆ ಒಳಗೆ ಹೋಯಿತು. ಕಷಾಯ ಇರಲಿ, ಬೆಲ್ಲವನ್ನು ಎರಡು ವಾರದಲ್ಲಿ ಅರ್ಧ ಚಮಚಕ್ಕೆ ಇಳಿಸಿ. ತೊಡದೇವು ಬಂದಾಗ ಒಂದು ತಿನ್ನಿ, ಊಟವಾದ ಕೂಡಲೇ ತಿನ್ನಿ, ಸಂಜೆ ಖಾಲಿ ಹೊಟ್ಟೆಗೆ ಬೇಡ. ಏಕಾದಶಿ, ಸಂಕಷ್ಟಿಗೆ ಅನ್ನ ಬಿಟ್ಟು ಸಾಬುದಾಣಿ ತುಂಬಿಕೊಳ್ಳುವುದು ಉಪವಾಸವೂ ಅಲ್ಲ, ಪಥ್ಯವೂ ಅಲ್ಲ.

ಕಾಯಿಯ ಬಗ್ಗೆ ಇಷ್ಟೇ: ಥೈರಾಯ್ಡ್ ಕಡಿಮೆಯಿದ್ದಾಗ ಕೆಟ್ಟ ಕೊಲೆಸ್ಟರಾಲ್ ಏರಿರುತ್ತದೆ. ತೆಂಗಿನೆಣ್ಣೆ ಥೈರಾಯ್ಡ್ ಗುಣಪಡಿಸುತ್ತದೆಂದು ಬೆಳಿಗ್ಗೆ ಎರಡು ಚಮಚ ಕುಡಿಯುವ ಹುಚ್ಚು ಬೇಡ. ನಾಲ್ಕು ಜನರ ಮನೆಗೆ ದಿನಕ್ಕೆ ಅರ್ಧ ಕಾಯಿ, ಒಗ್ಗರಣೆ ಹುರಿಯುವುದು ಎಲ್ಲ ಸೇರಿ ತಲೆಗೆ 3–4 ಚಿಕ್ಕ ಚಮಚ ಎಣ್ಣೆ ಸಾಕು.

ಗೋಧಿ ಬಿಡುವ ಮೊದಲು ಒಂದು ಪರೀಕ್ಷೆ

ಗೋಧಿ ಬಿಟ್ಟರೆ ಆಟೋಇಮ್ಯೂನ್ ಹೋಗುತ್ತದೆ ಎಂಬ ಮಾತು ಈಗ ಎಲ್ಲ ಕಡೆ. ಗೋಧಿಯ ಪ್ರೋಟೀನಾದ ಗ್ಲುಟೆನ್ ಪೂರ್ತಿ ಬಿಡಲೇಬೇಕಾದ್ದು ಅದರಿಂದ ಸಣ್ಣ ಕರುಳು ಹಾಳಾಗುವ ಸೀಲಿಯಾಕ್ ಕಾಯಿಲೆಯಲ್ಲಿ. ಹಾಶಿಮೊಟೊ ಮತ್ತು ಟೈಪ್ 1 ಮಧುಮೇಹದವರಲ್ಲಿ ಸೀಲಿಯಾಕ್ ಉಳಿದವರಿಗಿಂತ ಹೆಚ್ಚು ಕಾಣುತ್ತದೆ ಎಂಬುದೂ ನಿಜ. ಆದ್ದರಿಂದ ಮೊದಲು ಸೀಲಿಯಾಕ್ ಹುಡುಕುವ ಟಿಟಿಜಿ ಐಜಿಎ ಮತ್ತು ಒಟ್ಟು ಐಜಿಎ ರಕ್ತಪರೀಕ್ಷೆ ಮಾಡಿಸಿ. ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು. ಬಿಟ್ಟು ಆರು ತಿಂಗಳಾದ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಪರೀಕ್ಷೆ ಇಲ್ಲವೆನ್ನಬಹುದು, ಆಗ ಮತ್ತೆ ವಾರಗಟ್ಟಲೆ ಗೋಧಿ ತಿಂದು ನರಳಿ ಮಾಡಿಸಬೇಕು. ಅನ್ನವೇ ಮುಖ್ಯವಾದ ನಮ್ಮ ಮನೆಗಳಲ್ಲಿ ಈ ತಪ್ಪು ಸುಲಭ, ಏಕೆಂದರೆ ಗೋಧಿ ತಿನ್ನುವುದೇ ಕಡಿಮೆ. ಪರೀಕ್ಷೆಗೆ ಮೊದಲಿನ 6–8 ವಾರ ದಿನಕ್ಕೆ ಎರಡು ಚಪಾತಿಯಾದರೂ ಹೊಟ್ಟೆಗೆ ಹೋಗಿರಲಿ.

ಪರೀಕ್ಷೆಯಲ್ಲಿ ಸೀಲಿಯಾಕ್ ಬಂದು ವೈದ್ಯರು ಖಚಿತಪಡಿಸಿದರೆ ಜೀವನಪೂರ್ತಿ, ಒಂದು ಚಿಟಿಕೆಯೂ ಇಲ್ಲದಂತೆ ಬಿಡಬೇಕು. ಆಗ ಗೋಧಿ ಎಲ್ಲೆಲ್ಲಿ ಅಡಗಿದೆ ನೋಡಿ. ಶಿರಾ, ಬನ್ಸ್, ಪಾವ್, ಗೋಳಿಬಜೆ ಎಲ್ಲರಿಗೂ ಗೊತ್ತು. ಇಂಗು ಗೊತ್ತಿರುವುದಿಲ್ಲ: ಅಂಗಡಿಯ ಇಂಗಿನ ಪುಡಿಯಲ್ಲಿ ಸಾಮಾನ್ಯವಾಗಿ ಗೋಧಿಹಿಟ್ಟೋ ಮೈದಾವೋ ಬೆರೆತಿರುತ್ತದೆ, ಡಬ್ಬಿಯ ಹಿಂದೆ ಚಿಕ್ಕ ಅಕ್ಷರದಲ್ಲಿ ಬರೆದಿರುತ್ತದೆ. ಮಾಲ್ಟ್ ಹಾಕಿದ ಹಾಲಿನ ಪುಡಿಯಲ್ಲಿ ಬಾರ್ಲಿ. ಸೋಯಾ ಸಾಸಿನಲ್ಲಿ ಗೋಧಿ. ಊರಿನ ಗಿರಣಿಯಲ್ಲಿ ಹಿಂದಿನವರ ಗೋಧಿ ಮುಗಿದ ಕಲ್ಲಿಗೇ ನಿಮ್ಮ ಅಕ್ಕಿ ಬೀಳುತ್ತದೆ, ಹಿಟ್ಟನ್ನು ಮನೆಯ ಮಿಕ್ಸಿಯಲ್ಲೇ ಮಾಡಿಕೊಳ್ಳಿ.

ಹೋಟೆಲಿನ ರವಾ ಫ್ರೈ ನಮ್ಮ ಕಡೆಯ ದೊಡ್ಡ ಬಲೆ. ಮೀನಿಗೆ ಹಚ್ಚುವುದು ಗೋಧಿಯ ರವೆ, ಮತ್ತು ಮಸಾಲೆ ಫ್ರೈ ಕೇಳಿದರೂ ಕರಿಯುವುದು ಅದೇ ಕಾವಲಿಯಲ್ಲಿ. ಮನೆಯಲ್ಲಿ ಅರ್ಧ ಕೆಜಿ ಮೀನಿಗೆ 2 ದೊಡ್ಡ ಚಮಚ ಇಡ್ಲಿಯ ಅಕ್ಕಿರವೆ, 1 ಚಮಚ ಅಕ್ಕಿಹಿಟ್ಟು. ಮೀನಿಗೆ ಉಪ್ಪು, ಅರಿಶಿನ, ಮೆಣಸಿನಪುಡಿ, ಹುಣಸೆ ರಸ ಹಚ್ಚಿ ಅರ್ಧ ಗಂಟೆ ಬಿಟ್ಟು, ಒಸರಿದ ನೀರು ಬಸಿದು, ರವೆಯಲ್ಲಿ ಹೊರಳಿಸಿ ತಕ್ಷಣ ಕಾವಲಿಗೆ. ಅಕ್ಕಿರವೆ ಬೇಗ ನೀರು ಹೀರುತ್ತದೆ. ಹಚ್ಚಿ ಇಟ್ಟರೆ ಮೆತ್ತಗಾಗಿ ಕಾವಲಿಗೆ ಕಚ್ಚುತ್ತದೆ. ಒಂದು ಬದಿ ನಾಲ್ಕು ನಿಮಿಷ, ನಡುವೆ ಕೆದಕಬೇಡಿ.

ಸೀಲಿಯಾಕ್ ಇಲ್ಲದಿದ್ದರೆ ಗೋಧಿ ಬಿಡುವುದರಿಂದ ಥೈರಾಯ್ಡ್ ಗುಣವಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಧಾನ್ಯ, ಕಾಳು, ಹಾಲು, ಮೊಟ್ಟೆ, ಬದನೆ, ಟೊಮೆಟೊ ಎಲ್ಲ ತೆಗೆದುಹಾಕುವ ಆಟೋಇಮ್ಯೂನ್ ಪ್ರೋಟೋಕಾಲ್ ಎಂಬ ಕಠಿಣ ಪಥ್ಯವನ್ನು ಹಾಶಿಮೊಟೊ ಇರುವ 17 ಮಹಿಳೆಯರ ಮೇಲೆ 10 ವಾರ ನೋಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಅವರಿಗೆ ಹಾಯೆನಿಸಿತು, ಆದರೆ ಥೈರಾಯ್ಡ್ ಅಂಕಿಗಳಲ್ಲಾಗಲಿ ಆಂಟಿಬಾಡಿಯಲ್ಲಾಗಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಹೋಲಿಸಿ ನೋಡಲು ಬೇರೆ ಗುಂಪೂ ಇರಲಿಲ್ಲ. ಅನ್ನ, ಕಾಳು, ಮೊಸರು ಮೂರನ್ನೂ ಕಿತ್ತರೆ ಸಸ್ಯಾಹಾರಿ ಮನೆಯಲ್ಲಿ ಉಳಿಯುವುದೇನು? ನಮ್ಮ ಕಡೆಗೆ ಅದು ಹೊಂದುವ ಪಥ್ಯವಲ್ಲ.

ಬಿಟ್ಟು ನೋಡುವ ಕ್ರಮ

ಆದರೂ ಯಾವುದೋ ಒಂದು ತಿನಿಸು ಆಗುತ್ತಿಲ್ಲ ಎಂಬ ಅನುಮಾನ ಇರಬಹುದು. ಹಾಲು ಕುಡಿದರೆ ಹೊಟ್ಟೆ ಉಬ್ಬರ, ಗೋಧಿ ತಿಂದರೆ ಭಾರ. ಆಗ ಒಂದೇ ಒಂದನ್ನು, 3 ವಾರ, ಪೂರ್ತಿ ಬಿಡಿ. ಹಾಲನ್ನು ಬಿಡುವುದಾದರೆ ಚಾದಲ್ಲಿನ ಹಾಲನ್ನೂ ಬಿಡಬೇಕು, ಇಲ್ಲದಿದ್ದರೆ ಅದು ಪ್ರಯೋಗವಲ್ಲ. ಹಾಲಿನ ಸಕ್ಕರೆ ಅರಗದವರಿಗೂ ಮಜ್ಜಿಗೆ, ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ. ಅದನ್ನು ಮೂರು ವಾರ ಮುಗಿದ ಮೇಲೆ ಬೇರೆಯಾಗಿ ನೋಡಿ.

ಒಂದು ನೋಟ್‌ಬುಕ್ ಸಾಕು. ಹೀಗೆ: "ಸೋಮವಾರ. ಮಾತ್ರೆ 5.50. ತಿಂಡಿ 7.15, ಹೆಸರು ದೋಸೆ 2. ಹೊಟ್ಟೆ ಉಬ್ಬರ 1. ಸುಸ್ತು 3. ಗಂಟು ನೋವು 0. ನಿದ್ದೆ 6 ಗಂಟೆ. ಮುಟ್ಟಿನ 9ನೇ ದಿನ." ಸೊನ್ನೆಯಿಂದ ಐದರವರೆಗೆ ಅಂಕ ಕೊಡಿ, ಕಥೆ ಬರೆಯಬೇಡಿ. ನಿದ್ದೆ ಮತ್ತು ಮುಟ್ಟಿನ ದಿನ ಬರೆಯದ ಡೈರಿ ದಾರಿ ತಪ್ಪಿಸುತ್ತದೆ, ಮುಟ್ಟಿಗೆ ಮೊದಲಿನ ವಾರದ ಉಬ್ಬರವೆಲ್ಲ ಹಾಲಿನ ತಲೆಗೆ ಬರುತ್ತದೆ.

ಮೂರು ವಾರದ ನಂತರ ಮರಳಿ ತನ್ನಿ. ಮೊದಲ ದಿನ ಅರ್ಧ ಲೋಟ, ಎರಡನೇ ದಿನ ಒಂದು ಲೋಟ, ಮೂರನೇ ದಿನ ಹಿಂದೆ ಕುಡಿಯುತ್ತಿದ್ದಷ್ಟು. ಆಮೇಲೆ ಮೂರು ದಿನ ಬೇರೇನೂ ಬದಲಿಸದೆ ನೋಡಿ. ಅಂಕ ಏರಿದರೆ ಒಂದು ವಾರ ಬಿಟ್ಟು ಇನ್ನೊಮ್ಮೆ ಅದೇ ಪರೀಕ್ಷೆ. ಎರಡು ಸಲವೂ ಏರಿದರೆ ಮಾತ್ರ ಆ ತಿನಿಸು ನಿಮಗೆ ಆಗದು ಎನ್ನಿ. ಬಿಟ್ಟದ್ದನ್ನು ಮರಳಿ ತರುವ ಈ ಹಂತವನ್ನೇ ಹೆಚ್ಚಿನವರು ಹಾರಿಸುತ್ತಾರೆ, ಹಾಗಾಗಿ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಸೀಲಿಯಾಕ್ ಇರುವವರಿಗೆ, ತಿಂದ ಕೂಡಲೇ ತುಟಿ ಊದುವುದು, ಮೈಯೆಲ್ಲ ಗಂಧೆ ಏಳುವುದು, ಉಸಿರು ಕಟ್ಟುವುದು ಆದವರಿಗೆ ಈ ಮರಳಿ ತರುವ ಪ್ರಯೋಗ ಸಲ್ಲದು.

ಕೂದಲ ವಿಷಯದಲ್ಲಿ ಒಂದು ಎಚ್ಚರ. ತೀರಾ ಕಡಿಮೆ ಉಂಡು ತೂಕ ಇಳಿಸಿದರೆ ಕೂದಲು ಉದುರುವುದು ಆ ವಾರವಲ್ಲ, ಎರಡು ಮೂರು ತಿಂಗಳ ನಂತರ. ಅಷ್ಟರಲ್ಲಿ ಕಾರಣ ಮರೆತಿರುತ್ತದೆ, ಥೈರಾಯ್ಡ್ ಮತ್ತೆ ಕೆಟ್ಟಿತೆಂದು ಇನ್ನೊಂದು ತಿನಿಸು ಬಿಡುತ್ತಾರೆ. ಆಗ ನೋಡಬೇಕಾದ್ದು ಫೆರಿಟಿನ್ ಮತ್ತು ದಿನದ ಪ್ರೋಟೀನ್. ಇದೇ ಗಡಿಬಿಡಿಯಲ್ಲಿ ಅಶ್ವಗಂಧದ ಪುಡಿ ಶುರುಮಾಡುವವರೂ ಇದ್ದಾರೆ. ಅದು ಥೈರಾಯ್ಡ್ ಹಾರ್ಮೋನ್ ಏರಿಸಬಲ್ಲದು, ಕೆಲವರಲ್ಲಿ ಯಕೃತ್ತಿಗೆ ಪೆಟ್ಟು ಕೊಟ್ಟ ವರದಿಗಳೂ ಇವೆ. ಲೆವೊಥೈರಾಕ್ಸಿನ್ ಜೊತೆಗೆ ವೈದ್ಯರಿಗೆ ಹೇಳದೆ ಬೇಡ. ತೂಕ ಚೆನ್ನಾಗಿ ಇಳಿದವರಿಗೆ ಹಳೆಯ ಮಾತ್ರೆಯೇ ಹೆಚ್ಚಾಗಬಹುದು: ಎದೆ ಬಡಿತ, ಕೈ ನಡುಕ, ನಿದ್ದೆ ಬಾರದಿರುವುದು ಕಂಡರೆ ಮುಂದಿನ ಪರೀಕ್ಷೆಯ ದಿನಕ್ಕೆ ಕಾಯದೆ ಟಿಎಸ್‌ಎಚ್ ಮಾಡಿಸಿ. ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ.

ಆಂಟಿ ಟಿಪಿಒ ಅಂಕಿ ಇಳಿಯಿತೇ ಎಂದು ಮೂರು ತಿಂಗಳಿಗೊಮ್ಮೆ ದುಡ್ಡು ಸುರಿಯುವುದೂ ಬೇಡ, ಅದನ್ನು ನೋಡಿ ಯಾರೂ ಮಾತ್ರೆ ಬದಲಿಸುವುದಿಲ್ಲ.

ಮೀನಿಲ್ಲದ ತಿಂಗಳುಗಳು

ಕರಾವಳಿಯ ಮನೆಗಳಲ್ಲಿ ಈ ಎಲ್ಲ ಲೆಕ್ಕ ತಪ್ಪುವುದು ಮಳೆಗಾಲದಲ್ಲಿ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಅದು ಮುಗಿಯುವ ಹೊತ್ತಿಗೆ ಶ್ರಾವಣ. ಅನೇಕ ಮನೆಗಳಲ್ಲಿ ಚೌತಿ ಕಳೆಯುವವರೆಗೆ ಮೀನು ಹತ್ತಿಸುವುದಿಲ್ಲ. ಹೀಗೆ ಮೂರು ತಿಂಗಳು ಹತ್ತಿರ ತಟ್ಟೆಯಿಂದ ಮೀನು ಮಾಯ, ಮೋಡದಿಂದಾಗಿ ಬಿಸಿಲೂ ಇಲ್ಲ. ಆ ಜಾಗಕ್ಕೆ ಬರುವುದು ಒಣಮೀನಿನ ಚಟ್ನಿ, ಹಲಸಿನ ಹಪ್ಪಳ, ಇನ್ನೊಂದು ಸೌಟು ಅನ್ನ.

ಮೇ ತಿಂಗಳಲ್ಲೇ ತಯಾರಿ ಮಾಡಿ. ತಿಂಗಳಿಗೆ ತಲೆಗೆ 2 ಕೆಜಿಯಂತೆ ಹೆಸರು, ಹುರುಳಿ, ಅಲಸಂದೆ, ಕಡಲೆ ಒಟ್ಟು ಸೇರಿಸಿ ಬಿಸಿಲಿಗೆ ಒಣಗಿಸಿ ಡಬ್ಬಿಗೆ ತುಂಬಿ. ನಿಷೇಧದ ತಿಂಗಳಲ್ಲಿ ದಿನಕ್ಕೆ ಎರಡು ಮೊಟ್ಟೆ. ಶ್ರಾವಣ ಹಿಡಿಯುವವರು ಮೊಸರನ್ನು ಎರಡು ಬಟ್ಟಲಿಗೆ ಏರಿಸಿ. ಒಣಮೀನನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನೀರು ಚೆಲ್ಲಿ, ಇನ್ನೊಮ್ಮೆ ನೆನೆಸಿ. ಆ ದಿನದ ಬೇರೆ ಅಡುಗೆಗೆ ಉಪ್ಪು ಅರ್ಧ ಮಾಡಿ, ಉಪ್ಪಿನಕಾಯಿ ಮುಟ್ಟಬೇಡಿ. ಬಿಪಿ ಇರುವವರು, ಸ್ಟೀರಾಯ್ಡ್ ಮಾತ್ರೆ ನುಂಗುವವರು ಒಣಮೀನನ್ನೇ ಬಿಡುವುದು ಕ್ಷೇಮ. ವಿಟಮಿನ್ ಡಿ ಹಿಂದೆ ಕಡಿಮೆ ಬಂದಿದ್ದರೆ ಮೇ ಕೊನೆಯಲ್ಲಿ ಒಮ್ಮೆ ನೋಡಿಸಿ, ಮಳೆಗಾಲಕ್ಕೆ ಎಷ್ಟು ಬೇಕೆಂದು ಆಗಲೇ ಬರೆಸಿಕೊಳ್ಳಿ.

ಹಾರ್ಮೋನ್ ತಜ್ಞರನ್ನು ಕಾಣಲು ಹುಬ್ಬಳ್ಳಿ, ಮಣಿಪಾಲ, ಗೋವಾ ಕಡೆ ಹೋಗುವವರು ಘಟ್ಟ ಕುಸಿಯುವ ಜುಲೈಗಿಂತ ಮೊದಲೇ ಹೋಗಿಬರುವುದು ಲೇಸು. ಹೋಗುವಾಗ ಹಳೆಯ ರಿಪೋರ್ಟುಗಳನ್ನು ತಾರೀಖಿನ ಸರದಿಯಲ್ಲಿ ಒಂದೇ ಫೈಲಿಗೆ ಹಾಕಿ, ಡೈರಿಯ ಕೊನೆಯ ಎರಡು ತಿಂಗಳ ಪುಟ, ತಿನ್ನುತ್ತಿರುವ ಎಲ್ಲ ಮಾತ್ರೆ ಪುಡಿ ಕಷಾಯಗಳ ಡಬ್ಬಿ ಒಂದು ಚೀಲದಲ್ಲಿ. ನಸುಕಿನ ಬಸ್ಸಾದರೆ ಅವತ್ತಿನ ಮಾತ್ರೆಯೂ ಆ ಚೀಲದಲ್ಲೇ ಇರಲಿ, ರಕ್ತ ಕೊಟ್ಟ ಮೇಲೆ ಬೇಕಾಗುತ್ತದೆ.